ಕಟ್ಟಿದವರೇ ಹಾರಿಸಬೇಕೆಂದು ಯಾರು ಹೇಳಿದರು?

ಪ್ರಶ್ನೆ: ನನಗೆ 63 ವರ್ಷ. ಎಚ್‌ಎಎಲ್‌ನಲ್ಲಿ ಏರ್‌ಫ್ರೇಮ್ ಜೋಡಣೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಸೇರಿದ ಹೊಸತರಲ್ಲಿ ಕಿರಣ್ ಮಾರ್ಕ್ 2 ವಿಮಾನಗಳ ಮೇಲೆ ಕೈ ಪಳಗಿತು. ಆ ಋಣಕ್ಕೋ ಏನೋ, ಈಗ ಬಾಲ್ಸಾ ಮತ್ತು ಪ್ಲೈವುಡ್‌ನಲ್ಲಿ ಅಸಲಿನ ಏಳನೇ ಒಂದರಷ್ಟು ಅಳತೆಯ ರೇಡಿಯೊ ಕಂಟ್ರೋಲ್ ಕಿರಣ್ ಕಟ್ಟಿದ್ದೇನೆ. ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಮೀಟರ್. 90 ಎಂಎಂ ಡಕ್ಟೆಡ್ ಫ್ಯಾನ್, 6 ಸೆಲ್‌ನ ಲಿಪೊ ಬ್ಯಾಟರಿ, ಒಳಗೆ ಮಡಚಿಕೊಳ್ಳುವ ಚಕ್ರಗಳು. ತೂಕ 3.6 ಕೆ.ಜಿ. ಪ್ರೈಮರ್ ಆಗಿದೆ, ಬಣ್ಣ ಬಾಕಿ. ಹಾರಿಸಲು ಮಾತ್ರ ಧೈರ್ಯ ಬರುತ್ತಿಲ್ಲ. ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿದ್ದೇನೆ, ಮೈದಾನದಲ್ಲಿ ಇದುವರೆಗೆ ಏನನ್ನೂ ಹಾರಿಸಿಲ್ಲ. ಪರಿಚಯದ ಹುಡುಗನೊಬ್ಬ ಮಾಡೆಲ್ ಜೆಟ್ ಹಾರಿಸುವುದರಲ್ಲಿ ನಿಸ್ಸೀಮ. ‘ಅಂಕಲ್, ಮೊದಲನೇ ಫ್ಲೈಟ್ ನಾನು ಮಾಡಿಕೊಡ್ತೀನಿ’ ಅಂದ. ಅವತ್ತು ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ನಮ್ಮ ಮನೆಯವರು ‘ಹಾಲ್‌ನಲ್ಲಿ ತೂಗುಹಾಕಿ, ನೋಡೋಕೆ ಲಕ್ಷಣವಾಗಿದೆ’ ಅನ್ನುತ್ತಾರೆ. ನಿಜವಾದ ವಿಮಾನ ಕಟ್ಟಿದ ಕೈ ಆಟಿಕೆ ಹಾರಿಸಲು ಹೆದರುವುದೇ ಎಂದು ನನಗೇ ನಾಚಿಕೆ. ಏನು ಮಾಡಲಿ? ಇನ್ನೊಂದು ಮಾತು, ವಾಯುಪಡೆಯ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡದ ಕೆಂಪು-ಬಿಳಿ ಬಣ್ಣ ಬಳಿಯಬೇಕೆಂಬ ಆಸೆ. ಬಳಿಯಲೇ?
— ನಿವೃತ್ತ, ಬೆಂಗಳೂರು

ಉತ್ತರ: ಮೊದಲು ಆ ‘ಆಟಿಕೆ’ ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಿ. ಮೂರೂವರೆ ಕಿಲೊ ತೂಕದ ವಸ್ತು ಗಂಟೆಗೆ ನೂರು ಕಿ.ಮೀ. ಮೀರಿ ಹೋಗುವಾಗ ಅದಕ್ಕೆ ಅಡ್ಡ ಸಿಕ್ಕವರ ಗತಿ ಏನು ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಹೆದರಿದ್ದೀರಿ. ಆ ಹೆದರಿಕೆ ಇಲ್ಲದೆ ಮೈದಾನಕ್ಕೆ ಬರುವವರ ಪಕ್ಕದಲ್ಲಿ ನಿಲ್ಲಲು ನಾನಂತೂ ಒಪ್ಪುವುದಿಲ್ಲ.

ಆದರೆ ನಿಮ್ಮ ನಿದ್ದೆ ಕೆಡಿಸಿದ್ದು ಅದಲ್ಲ ಅನ್ನಿಸುತ್ತದೆ. ಹುಡುಗ ಕೇಳಿದ ರಾತ್ರಿಯೇ ನಿದ್ದೆ ಹೋಯಿತಲ್ಲ? ನಾನು ಕಟ್ಟಿದ್ದನ್ನು ನಾನೇ ಹಾರಿಸದಿದ್ದರೆ ಅರ್ಧ ಕೆಲಸ ಮಾಡಿದಂತೆ ಎಂದು ಮನಸ್ಸಿನಲ್ಲಿ ಕೂತಿದೆ. ಎಚ್‌ಎಎಲ್‌ನಲ್ಲಿದ್ದವರು ಹೀಗೆ ಯೋಚಿಸುವುದು ನನಗೆ ಸೋಜಿಗ. ನಿಮ್ಮ ಹ್ಯಾಂಗರ್‌ನಿಂದ ಹೊರಬಿದ್ದ ಒಂದಾದರೂ ವಿಮಾನವನ್ನು ರಿವೆಟ್ ಹೊಡೆದವರು ಹಾರಿಸಿದ್ದುಂಟೆ? ನೀವು ನಿತ್ಯ ಓಡಾಡಿದ ಸುರಂಜನ್ ದಾಸ್ ರಸ್ತೆಯನ್ನೇ ನೆನಪಿಸಿಕೊಳ್ಳಿ. ಮಾರುತ್ ಯುದ್ಧವಿಮಾನವನ್ನು ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಸಾಮಾನ್ಯ ಎಂಜಿನಿಯರ್ ಅಲ್ಲ, ಜರ್ಮನಿಯಲ್ಲಿ ತಾನು ರೂಪಿಸಿದ ವಿಮಾನಗಳನ್ನು ತಾನೇ ಹಾರಿಸಿ ನೋಡಿದ ಪೈಲಟ್. ಅಂಥವರಿದ್ದೂ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮಾರುತ್ ಮೊದಲ ಸಲ ನೆಲ ಬಿಟ್ಟಾಗ ಕಾಕ್‌ಪಿಟ್‌ನಲ್ಲಿದ್ದವರು ಆ ರಸ್ತೆಗೆ ಹೆಸರಾದ ಟೆಸ್ಟ್ ಪೈಲಟ್ ಸುರಂಜನ್ ದಾಸ್. ಇದರಿಂದ ಟ್ಯಾಂಕ್ ಸಣ್ಣವರಾದರೆಂದು ಯಾರೂ ಹೇಳಲಿಲ್ಲ. 1964ರ ಸೆಪ್ಟೆಂಬರ್ 4ರಂದು ನಿಮ್ಮ ಕಿರಣ್ ಮೊದಲ ಬಾರಿ ಹಾರಿದಾಗಲೂ ಅದನ್ನು ಕಟ್ಟಿದವರು ಕತ್ತು ಮೇಲೆತ್ತಿ ನೋಡುತ್ತಿದ್ದರು.

ಹೊಸ ವಿಮಾನದ ಮೊದಲ ಹಾರಾಟದಲ್ಲಿ ಟ್ರಿಮ್ ಸರಿಯಿರುವುದಿಲ್ಲ. ನೆಲ ಬಿಟ್ಟ ಮರುಗಳಿಗೆಯೇ ಮೂಗು ಎತ್ತಬಹುದು, ಒಂದು ಕಡೆಗೆ ವಾಲಬಹುದು. ಅದು ಆಗುತ್ತಿದೆ ಎಂದು ಬುದ್ಧಿ ಗ್ರಹಿಸುವ ಮೊದಲೇ ಬೆರಳು ಸರಿಪಡಿಸಿರಬೇಕು. ಆ ಬೆರಳು ಆ ಹುಡುಗನಿಗಿದೆ, ನಿಮಗಿನ್ನೂ ಇಲ್ಲ. ನಿಮ್ಮ ವಿಮಾನ ಹಾರುತ್ತದೋ ಇಲ್ಲವೋ, ನಿಮಗೆ ಹಾರಿಸಲು ಬರುತ್ತದೋ ಇಲ್ಲವೋ ಎಂಬ ಎರಡು ಪ್ರಶ್ನೆಗಳಿಗೂ ಒಂದೇ ದಿನ ಉತ್ತರ ಬೇಕೆಂದು ಹಟ ಹಿಡಿದರೆ, ವಿಮಾನ ಬಿದ್ದ ಮೇಲೆ ತಪ್ಪು ಯಾರದೆಂದೂ ತಿಳಿಯುವುದಿಲ್ಲ. ಹುಡುಗನಿಗೆ ‘ಸರಿಯಪ್ಪ, ನೀನೇ ಹಾರಿಸು’ ಅನ್ನಿ.

ಹಾಗಾದರೆ ನಿಮಗೇನು ಕೆಲಸ? ಬೇಕಾದಷ್ಟಿದೆ. ನಿಮ್ಮ ಸಹಿ ಇಲ್ಲದೆ ವಿಮಾನ ಹೊರಡಕೂಡದು.

ಸಿಜಿಯಿಂದ, ಅಂದರೆ ತೂಕದ ಕೇಂದ್ರದಿಂದ ಶುರುಮಾಡಿ. ಅಸಲಿ ಕಿರಣ್‌ನ ರೆಕ್ಕೆಯ ವಿಸ್ತೀರ್ಣ 19 ಚದರ ಮೀಟರ್. ನಿಮ್ಮ ಅಳತೆಗೆ ಇಳಿಸಿದರೆ ರೆಕ್ಕೆಯ ಸರಾಸರಿ ಅಗಲ ಸುಮಾರು 250 ಮಿ.ಮೀ. ಬರುತ್ತದೆ. ಮೊದಲ ಹಾರಾಟಕ್ಕೆ ಸಿಜಿ ಇದರ ನೂರಕ್ಕೆ 25ರಿಂದ 27ರ ಒಳಗಿರಲಿ, ಎಂದರೆ ಸರಾಸರಿ ಅಗಲವಿರುವ ಜಾಗದಲ್ಲಿ ಮುಂಗಡೆಯ ಅಂಚಿನಿಂದ 63ರಿಂದ 67 ಮಿ.ಮೀ. ಹಿಂದೆ. ಮೂಗು ಭಾರವಾದ ವಿಮಾನ ಸೋಮಾರಿಯಾಗಿ ಹಾರುತ್ತದೆ, ಇಳಿಸುವಾಗ ಓಡುತ್ತದೆ, ಆದರೆ ಮನೆಗೆ ಬರುತ್ತದೆ. ಬಾಲ ಭಾರವಾದದ್ದು ಯಾರ ಮಾತನ್ನೂ ಕೇಳುವುದಿಲ್ಲ. ನಿಮ್ಮ ಬ್ಯಾಟರಿ 850 ಗ್ರಾಂ ಆಸುಪಾಸು ಇರಬೇಕು. ಅದನ್ನು ಎರಡು ಸೆಂ.ಮೀ. ಹಿಂದೆ ಮುಂದೆ ಸರಿಸಿದರೆ ಸಿಜಿ ಹತ್ತಿರಹತ್ತಿರ ಅರ್ಧ ಸೆಂ.ಮೀ. ಸರಿಯುತ್ತದೆ, ಅಂದರೆ ನೂರಕ್ಕೆ ಎರಡು. ಆದ್ದರಿಂದ ಬ್ಯಾಟರಿ ಕೂರುವ ಜಾಗಕ್ಕೆ ಪ್ಲೈವುಡ್‌ನ ತಡೆ ಅಂಟಿಸಿ. ಅಂದಾಜಿನ ಮೇಲೆ ವೆಲ್ಕ್ರೊ ಪಟ್ಟಿ ಬಿಗಿದರೆ ಸಾಲದು. ಅಕ್ಕಪಕ್ಕ ಕೂರುವ ಎರಡು ಸೀಟಿನಿಂದಾಗಿ ಕಿರಣ್‌ನ ಮೂಗು ದಪ್ಪ. ಅಸಲಿಯಲ್ಲಿ ಅದನ್ನು ನೋಡಿ ನಕ್ಕವರಿದ್ದಾರೆ. ಮಾಡೆಲ್ ಕಟ್ಟುವವರಿಗೆ ಮಾತ್ರ ಅದೇ ವರ, ಬ್ಯಾಟರಿಯನ್ನು ಬೇಕಾದಷ್ಟು ಮುಂದೆ ತಳ್ಳಬಹುದು. ತೂಗುವಾಗ ವಿಮಾನವನ್ನು ಮಗುಚಿ ಹಿಡಿಯಿರಿ, ಏಕೆಂದರೆ ರೆಕ್ಕೆ ಕೆಳಗಿದೆ. ಚಕ್ರ ಹೊರಗಿಟ್ಟು ಒಮ್ಮೆ, ಮಡಚಿ ಒಮ್ಮೆ. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣ ಒಣಗಿದ ಮೇಲೆ ಇನ್ನೊಮ್ಮೆ.

ಎರಡನೆಯದು ಗಾಳಿಯ ದಾರಿ. ನಿಮ್ಮ ಫ್ಯಾನ್ ಗಾಳಿ ಎಳೆಯುವ ಬಾಯಿ, ನಡುವಿನ ಗುಬಟು ಕಳೆದರೆ, ಸುಮಾರು 50 ಚದರ ಸೆಂ.ಮೀ. ಇರುತ್ತದೆ. ರೆಕ್ಕೆಯ ಬುಡದ ಎರಡು ಇಂಟೇಕ್‌ಗಳು ಸೇರಿ ಅಷ್ಟನ್ನಾದರೂ ಒದಗಿಸಬೇಕು. ಅಳತೆಗೆ ನಿಷ್ಠರಾಗಿ ಕಟ್ಟಿದವರಿಗೆ ಇಲ್ಲೇ ಪೆಟ್ಟು ಬೀಳುವುದು. ಅಸಲಿ ವಿಮಾನದ ಇಂಟೇಕ್‌ಅನ್ನು ಯಥಾವತ್ ಕಿರಿದುಮಾಡಿದರೆ ಫ್ಯಾನ್‌ಗೆ ಉಸಿರು ಸಾಲುವುದಿಲ್ಲ. ಪರೀಕ್ಷೆ ಸುಲಭ: ಬಾಲಕ್ಕೆ ಹಗ್ಗ ಕಟ್ಟಿ, ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಪೂರ್ತಿ ಥ್ರಾಟಲ್ ಕೊಡಿ. ಫ್ಯಾನ್‌ಅನ್ನು ಮೇಜಿನ ಮೇಲೆ ಒಂಟಿಯಾಗಿ ಓಡಿಸಿದಾಗ ಬಂದ ಎಳೆತಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಐದನೇ ಒಂದು ಪಾಲಿಗಿಂತ ಹೆಚ್ಚು ಸೋರಿಹೋಗಿದ್ದರೆ ಹೊಟ್ಟೆಯ ಕೆಳಗೆ ಸದ್ದಿಲ್ಲದೆ ಒಂದು ಕಿಂಡಿ ಕೊರೆಯಿರಿ. ಹಾರುವಾಗ ಅದು ಯಾರ ಕಣ್ಣಿಗೂ ಬೀಳದು. ಹಿಂದೆ ಗಾಳಿ ಹೊರಹೋಗುವ ಬಾಯಿ ಮಾತ್ರ ಕಿರಿದಾಗಿರಲಿ, 42ರಿಂದ 45 ಚದರ ಸೆಂ.ಮೀ. ಸಾಕು.

ಇನ್ನು ನಿಮ್ಮ ಹುಡುಗನಿಗೆ ಗೊತ್ತಿರುವ, ನೀವೂ ತಿಳಿದಿರಬೇಕಾದ ಒಂದು ಸಂಗತಿ. ಪ್ರೊಪೆಲ್ಲರ್ ವಿಮಾನ ನಿಧಾನವಾದಾಗ ಥ್ರಾಟಲ್ ಕೊಟ್ಟರೆ ಪ್ರೊಪೆಲ್ಲರ್‌ನ ಗಾಳಿ ನೇರ ಬಾಲದ ಮೇಲೆ ಬೀಸುತ್ತದೆ, ಎಲಿವೇಟರ್‌ಗೆ ತಕ್ಷಣ ಜೀವ ಬರುತ್ತದೆ. ನಿಮ್ಮ ಕಿರಣ್‌ಗೆ ಆ ಆಸರೆಯಿಲ್ಲ. ಫ್ಯಾನ್ ವೇಗ ಹಿಡಿಯಲು ಒಂದೆರಡು ಕ್ಷಣ ಬೇಕು, ವಿಮಾನ ವೇಗ ಹಿಡಿಯಲು ಇನ್ನೂ ಹೆಚ್ಚು. ನೀವು ಬರೆದ ತೂಕಕ್ಕೆ ನನ್ನ ಲೆಕ್ಕದಂತೆ ಗಂಟೆಗೆ 42 ಕಿ.ಮೀ. ಆಸುಪಾಸಿನಲ್ಲಿ ರೆಕ್ಕೆ ಕೈಬಿಡುತ್ತದೆ. ಇಳಿಸಲು ಬರುವಾಗ 55 ಇರಬೇಕು, ಥ್ರಾಟಲ್ ಪೂರ್ತಿ ಎಳೆಯಕೂಡದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಮಾರ್ಚ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಬಿಸಿಲಿನಲ್ಲಿ ಗಾಳಿ 1,800 ಮೀಟರ್ ಎತ್ತರದಲ್ಲಿ ಇರುವಷ್ಟು ತೆಳುವಾಗುತ್ತದೆ. ನಿಜವಾದ ವಿಮಾನಕ್ಕೆ ಹೇಗೋ ಇದಕ್ಕೂ ಹಾಗೆ: ಓಟ ಉದ್ದವಾಗುತ್ತದೆ, ಎಳೆತ ಕುಗ್ಗುತ್ತದೆ. ಬೆಳಿಗ್ಗೆ ಏಳು ಗಂಟೆಗೇ ಮುಗಿಸಿಬಿಡಿ.

ಬ್ಯಾಟರಿಯ ಲೆಕ್ಕವೂ ನಿಮ್ಮದೇ. ಅದು 6,000 ಎಂಎಎಚ್‌ನದು ಎಂದುಕೊಂಡರೆ, ಅದರಲ್ಲಿ ಐದನೇ ನಾಲ್ಕು ಪಾಲು ಮಾತ್ರ ಬಳಸುವುದು. ಸರಾಸರಿ 70 ಆಂಪಿಯರ್ ಎಳೆದರೆ ನಾಲ್ಕು ನಿಮಿಷ. ಟ್ರಾನ್ಸ್‌ಮಿಟರ್‌ನ ಟೈಮರ್ ಮೂರು ನಿಮಿಷಕ್ಕೇ ಕೂಗಲಿ, ಮೊದಲ ಬಾರಿಗೆ ಸರಿಯಾಗಿ ಇಳಿಸಲಾಗದೆ ಇನ್ನೊಂದು ಸುತ್ತು ಹೋಗಬೇಕಾಗಬಹುದು. ರಿಸೀವರ್ ಮತ್ತು ಸರ್ವೊಗಳಿಗೆ ಬೇರೆಯದೇ ಸಣ್ಣ ಬ್ಯಾಟರಿ ಕೊಡಿ. ದೊಡ್ಡ ಬ್ಯಾಟರಿ ಕೈಕೊಟ್ಟರೂ ವಿಮಾನ ತೇಲಿಕೊಂಡು ಬರಲು ಬೇಕಾದ ಹಿಡಿತ ಉಳಿಯುತ್ತದೆ. ಆಮೇಲೆ, ಚಕ್ರಗಳಿಗೆ ಅಡ್ಡ ಕೊಟ್ಟು, ಒಬ್ಬರು ಹಿಂದಿನಿಂದ ಹಿಡಿದುಕೊಂಡು, ಸ್ವಲ್ಪ ಥ್ರಾಟಲ್‌ನಲ್ಲಿ ಫ್ಯಾನ್ ಓಡುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿ. ಫ್ಯಾನ್ ನಿಲ್ಲಬೇಕು. ನಿಲ್ಲದಿದ್ದರೆ ಅವತ್ತು ಹಾರಾಟವಿಲ್ಲ, ಯಾರು ಎಷ್ಟು ದೂರದಿಂದ ಬಂದಿದ್ದರೂ ಸರಿ.

ಏಲೆರಾನ್, ಎಲಿವೇಟರ್‌ಗಳ ಚಲನೆ 10–12 ಮಿ.ಮೀ.ನಿಂದ ಶುರುವಾಗಲಿ, ಸ್ಟಿಕ್ ನಡುವಿನಲ್ಲಿರುವಾಗ ಚಲನೆಯನ್ನು ಮೃದುವಾಗಿಸುವ ಎಕ್ಸ್‌ಪೊ ಶೇಕಡಾ 30 ಇರಲಿ. ಅಂತಿಮ ಮಾತು ಹಾರಿಸುವ ಹುಡುಗನದು, ಸ್ಟಿಕ್ ಅವನ ಕೈಯಲ್ಲಿರುತ್ತದೆ. ದಿಕ್ಕು ಸರಿಯಿದೆಯೇ ಎಂದು ಮಾತ್ರ ನೀವು ವಿಮಾನದ ಹಿಂದೆ ನಿಂತು ಬಾಯಿಬಿಟ್ಟು ಹೇಳಿ: ಬಲಕ್ಕೆ ಕೊಟ್ಟಾಗ ಬಲಗಡೆಯ ಏಲೆರಾನ್ ಏಳಬೇಕು. ಗೈರೊ ಹಾಕಿದ್ದರೆ ವಿಮಾನವನ್ನು ಕೈಯಿಂದಲೇ ಬಲಕ್ಕೆ ವಾಲಿಸಿ. ಆಗ ಬಲಗಡೆಯದು ಇಳಿಯಬೇಕು. ಉಲ್ಟಾ ಕೂತ ಗೈರೊ ತಪ್ಪನ್ನು ತಿದ್ದುವ ಬದಲು ದುಪ್ಪಟ್ಟು ಮಾಡುತ್ತದೆ, ಅದರ ಮುಂದೆ ಎಂಥ ಪೈಲಟ್‌ನ ಆಟವೂ ನಡೆಯುವುದಿಲ್ಲ.

ಮೊದಲ ಹಾರಾಟ ಹುಡುಗನದಾಯಿತು. ಮುಂದೆ ನೀವು ಹಾರಿಸುವುದು ಯಾವಾಗ? ಕಿರಣ್ ಟ್ರೇನರ್ ತಾನೇ, ಕಲಿಯುವವರಿಗೆಂದೇ ಮಾಡಿದ್ದಲ್ಲವೇ ಎಂದು ಒಳಗೊಳಗೇ ನಂಬಿದ್ದೀರೇನೋ. ವಾಯುಪಡೆಯಲ್ಲೇ ನೋಡಿ, 2013ರಿಂದೀಚೆಗೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನಲ್ಲಿ ಹೊಸಬರು ಮೊದಲು ಹಿಡಿಯುವುದು ಪಿಲಾಟಸ್ ಎಂಬ ಪ್ರೊಪೆಲ್ಲರ್ ವಿಮಾನವನ್ನು. ಕಿರಣ್ ಬಂದದ್ದು ಅದರ ನಂತರದ ಮೆಟ್ಟಿಲಾಗಿ, ಯುದ್ಧವಿಮಾನದ ಕಡೆ ಹೋಗುವವರಿಗೆ ಆಮೇಲೆ ಬೀದರ್‌ನಲ್ಲಿ ಹಾಕ್ ಜೆಟ್. ಆ ಕ್ರಮ ನಿಮಗೂ ಸಲ್ಲುತ್ತದೆ. ಮೇಲ್ಗಡೆ ರೆಕ್ಕೆಯಿರುವ, ಬಿದ್ದರೆ ಅಂಟಿನಿಂದ ರಿಪೇರಿಯಾಗುವ ಒಂದು ಫೋಮ್ ಪ್ರೊಪೆಲ್ಲರ್ ವಿಮಾನ ಕೊಳ್ಳಿ. ಎರಡು ಟ್ರಾನ್ಸ್‌ಮಿಟರ್ ಜೋಡಿಸುವ ಬಡ್ಡಿ ಬಾಕ್ಸ್ ಪದ್ಧತಿಯಲ್ಲಿ ಅದೇ ಹುಡುಗ ಪಕ್ಕದಲ್ಲಿ ನಿಲ್ಲಲಿ. ನೀವು ಎಡವಿದ ಕೂಡಲೇ ಅವನು ಸ್ವಿಚ್ ಬಿಟ್ಟರೆ ಹಿಡಿತ ಅವನ ಕೈಗೆ ಹೋಗುತ್ತದೆ. ವಿಮಾನ ನಿಮ್ಮ ಕಡೆಗೇ ಮುಖ ಮಾಡಿ ಬರುವಾಗ ಎಡ ಬಲ ಅದಲುಬದಲಾಗುವುದು ಕೈಗೆ ರೂಢಿಯಾದ ಮೇಲೆ ಕೆಳರೆಕ್ಕೆಯ ಒಂದು ವಿಮಾನ, ಅದರ ಬೆನ್ನಿಗೆ ಕಿರಣ್. 63 ವಯಸ್ಸೇನೂ ಅಡ್ಡಿಯಲ್ಲ. ಸಿಮ್ಯುಲೇಟರ್ ಬಿಡಬೇಡಿ, ಆದರೆ ಅಲ್ಲಿ ಗೆದ್ದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ಬಿದ್ದದ್ದಕ್ಕೆ ಯಾರೂ ಮರುಗುವುದಿಲ್ಲ.

ಜಾಗದ ಬಗ್ಗೆ ಎರಡೇ ಮಾತು. 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಮಾಡೆಲ್ ವಿಮಾನಗಳೂ ಬರುತ್ತವೆ. ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳನ್ನು ನೋಡಿಕೊಂಡೇ ಹೊರಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಸುತ್ತುವರಿದ ಈ ಊರಿನೊಳಗಿನ ಬಯಲುಗಳ ಆಸೆ ಬಿಡಿ, ಮನೆ ಹತ್ತಿರದ ಆಟದ ಮೈದಾನವಂತೂ ಬೇಡವೇ ಬೇಡ.

ನಿಮ್ಮ ಮನೆಯವರ ಸಲಹೆಯನ್ನು ಹಗುರವಾಗಿ ಕಾಣಬೇಡಿ. ಅದು ಮುರಿದರೆ ನೀವು ಕುಸಿಯುತ್ತೀರಿ ಎಂಬ ಅಳುಕಿನಿಂದ ಅವರು ಹಾಗಂದಿದ್ದಾರೆ. ಹಾಲ್‌ನಲ್ಲಿ ತೂಗುಹಾಕುವುದೇನೂ ಪಾಪವಲ್ಲ, ಎಷ್ಟೋ ಅಸಲಿ ಕಿರಣ್‌ಗಳು ಇವತ್ತು ಕಂಬದ ಮೇಲೆ ನಿಂತಿವೆ. ಆದರೆ ಅವೆಲ್ಲ ಹಾರಿ ದಣಿದು ಆಮೇಲೆ ನಿಂತವು. ಹಾರಾಟಕ್ಕೆ ಮುಂಚೆ ಒಂದು ಕೆಲಸ ಮಾಡಿಡಿ: ಪ್ರತಿ ರಿಬ್‌ನ, ಪ್ರತಿ ಫಾರ್ಮರ್‌ನ ಅಚ್ಚನ್ನು ದಪ್ಪ ಕಾಗದದ ಮೇಲೆ ಬರೆದು ನಂಬರ್ ಹಾಕಿ. ಬಿದ್ದರೆ ಕಳೆಯುವುದು ಬಾಲ್ಸಾ ಮರ, ವಿಮಾನವಲ್ಲ ಎಂದು ಮನೆಯಲ್ಲಿ ಆ ಫೈಲ್ ತೋರಿಸಿ ಹೇಳಿ. ಜೊತೆಗೆ ಅವರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ. ಚೆಕ್‌ಲಿಸ್ಟ್ ಗಟ್ಟಿಯಾಗಿ ಓದಲು ಒಬ್ಬರು ಬೇಕೇ ಬೇಕು.

ಕೊನೆಗೆ ಬಣ್ಣ. 1996ರಲ್ಲಿ ಬೀದರ್‌ನಲ್ಲಿ ಸೂರ್ಯಕಿರಣ್ ತಂಡ ಕಟ್ಟಿದ್ದೇ ನಿಮ್ಮ ಕಿರಣ್ ಮಾರ್ಕ್ 2 ವಿಮಾನಗಳಿಂದ, ಆ ಬಣ್ಣದ ಮೇಲೆ ನಿಮಗೆ ಹಕ್ಕಿದೆ, ಬಳಿಯಿರಿ. ಒಂದೇ ತಿದ್ದುಪಡಿ: ಹೊಟ್ಟೆಯ ಕಡೆ ಬಿಳಿ ಜಾಸ್ತಿಯಾದರೆ ಮೋಡದ ಕೆಳಗೆ ವಿಮಾನ ಯಾವ ಕಡೆಗೆ ವಾಲಿದೆ ಎಂದೇ ತಿಳಿಯುವುದಿಲ್ಲ. ರೆಕ್ಕೆಯ ಅಡಿಗೆ ಅಡ್ಡಡ್ಡ ದಪ್ಪ ಕಪ್ಪು ಪಟ್ಟೆ ಎಳೆಯಿರಿ, ಮೇಲ್ಗಡೆಯ ಕೆಂಪಿಗೂ ಅದಕ್ಕೂ ಕಣ್ಣು ಗೊಂದಲಪಡದು. ಬಾಲದ ಮೇಲೆ ಮಾತ್ರ ತೆಳುವಾಗಿ ಒಂದೇ ಕೈ ಹೊಡೆಯಿರಿ. ಅಲ್ಲಿ 20 ಗ್ರಾಂ ಬಣ್ಣ ಹೆಚ್ಚಾದರೆ ಮೂಗಿಗೆ ಸುಮಾರು 30 ಗ್ರಾಂ ಸೀಸ ತುಂಬಬೇಕಾಗುತ್ತದೆ.