ಲಂಕೆಯ ಯುದ್ಧದಲ್ಲಿ ನಂಬಿಕೆಯ ಪರೀಕ್ಷೆ

ಲಂಕೆಯ ಯುದ್ಧ ಅಂದ ಕೂಡಲೇ ನಮಗೆ ನೆನಪಾಗುವುದು ರಾಮಬಾಣ, ಕುಂಭಕರ್ಣನ ನಿದ್ದೆ, ಹನುಮಂತ ಹೊತ್ತು ತಂದ ಮೂಲಿಕೆಯ ಪರ್ವತ. ಆದರೆ ವಾಲ್ಮೀಕಿ ರಾಮಾಯಣದ 6ನೇ ಕಾಂಡವಾದ ಯುದ್ಧಕಾಂಡದಲ್ಲಿ ಇನ್ನೊಂದು ಯುದ್ಧವೂ ಇದೆ. ಅದು ಸತಿ-ಪತಿಯರ ನಂಬಿಕೆಯನ್ನು ಮುರಿಯಲು ನಡೆದದ್ದು.

1. ಮಾಯೆಯ ತಲೆ: ರಾವಣನು ವಿದ್ಯುಜ್ಜಿಹ್ವನಿಂದ ರಾಮನ ತಲೆಯನ್ನೂ ಬಿಲ್ಲನ್ನೂ ಮಾಯೆಯಿಂದ ಮಾಡಿಸಿ ಅಶೋಕವನದಲ್ಲಿ ಸೀತೆಯ ಮುಂದೆ ಇಡಿಸಿದ. ತಾಯಿ ನಿಜವೆಂದೇ ನಂಬಿ ಗೋಳಾಡಿದಳು. ಆದರೂ ರಾವಣನಿಗೆ ಒಲಿಯಲಿಲ್ಲ. ನನ್ನನ್ನೂ ಕೊಂದು ಪತಿಯ ಬಳಿಗೆ ಸೇರಿಸು ಅಂದಳು. ಇದು ಬರೀ ಮಾಯೆ ಅಂತ ಸಮಾಧಾನ ಹೇಳಿದವಳು ಸರಮೆ.

2. ನಾಗಪಾಶ: ಇಂದ್ರಜಿತುವಿನ ಬಾಣಗಳಿಂದ ರಾಮಲಕ್ಷ್ಮಣರು ಮೂರ್ಛೆ ಹೋದಾಗ ಸೀತೆಯನ್ನು ಪುಷ್ಪಕದಲ್ಲಿ ಕೂರಿಸಿ ಆ ದೃಶ್ಯ ತೋರಿಸಿದರು. ಜೊತೆಗಿದ್ದ ತ್ರಿಜಟೆ, "ಅವರ ಮುಖದ ಕಳೆ ಹೋಗಿಲ್ಲ ನೋಡು, ಬದುಕಿದ್ದಾರೆ" ಎಂಬರ್ಥದ ಧೈರ್ಯ ತುಂಬಿದಳು.

3. ಮಾಯಾಸೀತೆ: ಈಗ ರಾಮನ ಸರದಿ. ಇಂದ್ರಜಿತು ಹನುಮಂತನ ಕಣ್ಣೆದುರೇ ಮಾಯಾಸೀತೆಯನ್ನು ಕತ್ತರಿಸಿದ. ಸುದ್ದಿ ಕೇಳಿ ಮಹಾವೀರನಾದ ರಾಮನೇ ನೆಲಕ್ಕೆ ಕುಸಿದ. ವಿಭೀಷಣನು ಮೋಸವನ್ನು ಬಿಡಿಸಿ ಹೇಳಿದ ಮೇಲೆಯೇ ಲಕ್ಷ್ಮಣನು ನಿಕುಂಭಿಳೆಗೆ ಹೋಗಿ ಇಂದ್ರಜಿತುವನ್ನು ಸಂಹರಿಸಿದ್ದು.

4. ಅಗ್ನಿಪ್ರವೇಶ: ಶತ್ರುವಿನ ಮಾಯೆ ಮಾಡಲಾಗದ್ದನ್ನು ಗೆದ್ದ ಮೇಲೆ ಒಂದು ಮಾತು ಮಾಡಿತು. ತುಂಬಿದ ಸಭೆಯಲ್ಲಿ ರಾಮನು, ಯುದ್ಧ ಮಾಡಿದ್ದು ಕುಲದ ಮಾನಕ್ಕಾಗಿ, ನೀನು ಎಲ್ಲಿಗೆ ಬೇಕಾದರೂ ಹೋಗು ಅಂದ. ಸೀತೆ ಸುಮ್ಮನಿರಲಿಲ್ಲ. ಹನುಮಂತನನ್ನು ಕಳಿಸಿದಾಗಲೇ ಇದನ್ನು ಹೇಳಿದ್ದರೆ ಅಂದೇ ಪ್ರಾಣ ಬಿಡುತ್ತಿದ್ದೆ, ನಿನ್ನ ಗೆಳೆಯರಿಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಎಂದು ಕೇಳಿ, ಲಕ್ಷ್ಮಣನಿಂದ ಚಿತೆ ಮಾಡಿಸಿ ಬೆಂಕಿಗೆ ಇಳಿದಳು. ಅಗ್ನಿದೇವನೇ ಅವಳನ್ನು ಎತ್ತಿ ತಂದು ಒಪ್ಪಿಸಿದ. ಆಕೆ ಶುದ್ಧಳೆಂದು ನನಗೆ ಗೊತ್ತಿತ್ತು, ಲೋಕಕ್ಕಾಗಿ ಹೀಗಾಯಿತು ಅಂತ ರಾಮ ಹೇಳಿದ.

ಮನನ: ಸೀತೆ ಅತ್ತಳು, ರಾಮ ಕುಸಿದ, ಆದ್ದರಿಂದ ನಂಬಿಕೆ ಅಂದರೆ ಕಣ್ಣೀರು ಬಾರದಿರುವುದಲ್ಲ. ಅಳುವಾಗಲೂ ಸಂಗಾತಿಯನ್ನು ಬಿಡದಿರುವುದು, ಹಿತವರ ಮಾತಿಗೆ ಕಿವಿಗೊಡುವುದು. ಮನಸ್ಸಿಗೆ ಗೊತ್ತಿರುವುದನ್ನು ಬಾಯಲ್ಲಿ ಆಡದೆ, ನಾಲ್ಕು ಜನ ಏನಂತಾರೋ ಅಂತ ಮನೆಯವರನ್ನೇ ಸಭೆಯಲ್ಲಿ ನಿಲ್ಲಿಸಿದರೆ, ಬೆಂಕಿಗೆ ಇಳಿಯಬೇಕಾದವರು ಯಾರು? ದಂಪತಿಗಳಾಗಿ ಬೆಟ್ಟ ಹತ್ತಿ ಬಂದವರು ಇಳಿಯುವಾಗ ಇದನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳಿರಿ.