ಕಾರನ್ನು ಎತ್ತುವಾಗ ಭಾರವು ಎಲ್ಲಿ ನಿಲ್ಲಬೇಕು?

ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿ ಬರುವ ಪ್ರಮಾಣವೆಂದು ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಹೇಳಿಕೊಡುತ್ತೇವೆ. ಉದಾಹರಣೆಗೆ ಸೂಜಿಯ ಮೊನೆಯನ್ನೂ ಮರಳಿನ ಮೇಲೆ ನಡೆಯುವ ಒಂಟೆಯ ಪಾದವನ್ನೂ ಹೆಸರಿಸುವುದು ವಾಡಿಕೆ. ನಮ್ಮ ವಿದ್ಯಾರ್ಥಿಗಳ ಮನೆಯಂಗಳದಲ್ಲಿ ಒಂಟೆಯಿಲ್ಲ, ಕಾರು ಉಂಟು. ಅದರ ಟಯರು ಪಂಕ್ಚರಾದ ದಿನ ಅದೇ ಸೂತ್ರವು ಜಾಕಿನ ತಲೆಯ ಮೇಲೆ ಬಂದು ಕುಳಿತಿರುತ್ತದೆ. ಆದಕಾರಣ ಈ ವಿಷಯವನ್ನು ಒಂದು ಪಾಠವಾಗಿಯೇ ಇಲ್ಲಿ ವಿವರಿಸಲಾಗಿದೆ.

ಒಂದು ಸಾವಿರ ಕಿಲೋಗ್ರಾಂ ತೂಕದ ಸಣ್ಣ ಕಾರನ್ನು ತೆಗೆದುಕೊಳ್ಳೋಣ. ಎಂಜಿನ್ನು ಮುಂದಿರುವುದರಿಂದ ತೂಕದ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲಿರುತ್ತದೆ; ಒಂದೊಂದು ಮುಂಚಕ್ರಕ್ಕೆ ಸುಮಾರು 300 ಕಿಲೋಗ್ರಾಂ ಎನ್ನಬಹುದು. ಟಯರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಇರುವುದರಿಂದ ಈ ಭಾರವು ನೆಲದ ಮೇಲೆ 150 ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಹರಡಿಕೊಳ್ಳುತ್ತದೆ. ಈಗ ಐದು ಸೆಂಟಿಮೀಟರ್ ಚೌಕದ ಜಾಕಿನ ತಲೆಯಿಂದ ಆ ಮೂಲೆಯನ್ನು ಎತ್ತಿದೆವೆನ್ನಿ. ಕನಿಷ್ಠ ಅಷ್ಟೇ ಭಾರ, ಕ್ಷೇತ್ರಫಲ ಮಾತ್ರ 25 ಚದರ ಸೆಂಟಿಮೀಟರ್. ಒತ್ತಡವು 12 ಕಿಲೋಗ್ರಾಮಿಗೆ, ಅಂದರೆ ಆರು ಪಟ್ಟಿಗೆ ಏರಿತು. ಕಾರಿನ ನೆಲಹಾಸಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿರುವಂಥದು. ಅದು ಈ ಒತ್ತಡವನ್ನು ತಾಳಲಾರದು, ಒಳಕ್ಕೆ ಕುಸಿಯುತ್ತದೆ.

ಹಾಗಾದರೆ ಹಿಂದಿನವರು ಎಲ್ಲೆಂದರಲ್ಲಿ ಜಾಕ್ ಕೊಟ್ಟು ಎತ್ತುತ್ತಿರಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಯೋಗ್ಯವಾದದ್ದೇ. ಮಹೀಂದ್ರ ಜೀಪಿನಂಥ ವಾಹನಗಳಲ್ಲಿ ಉಕ್ಕಿನ ತೊಲೆಗಳಿಂದ ಕಟ್ಟಿದ ಚಾಸಿ ಬೇರೆ, ಅದರ ಮೇಲೆ ಕೂರಿಸಿದ ಮೈ ಬೇರೆ. ತೊಲೆಯ ಕೆಳಗೆ ಎಲ್ಲಿ ಆಸರೆ ಕೊಟ್ಟರೂ ಬಹುಮಟ್ಟಿಗೆ ನಡೆಯುತ್ತಿತ್ತು. ಅಂಬಾಸಿಡರ್ ಕಾರು, ಬಹುಮಂದಿ ತಿಳಿದಿರುವಂತೆ ಬೇರೆ ಚಾಸಿಯುಳ್ಳ ಗಾಡಿಯಲ್ಲ. ಆದರೂ ಅದರ ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗುಗಳ ಮೇಲೆ ನಿಂತ ದಪ್ಪನೆಯ ಆ್ಯಕ್ಸಲು ಇತ್ತು. ಅದರ ಕೆಳಗೆ ಬಾಟಲ್ ಜಾಕ್ ಇಟ್ಟು ಎತ್ತುವುದು ಒಂದು ತಲೆಮಾರಿನ ಚಾಲಕರ ಕೈಗೆ ರೂಢಿಯಾಯಿತು.

ವಾಹನ ಬದಲಾಯಿತು, ರೂಢಿ ಉಳಿಯಿತು. ಇಂದಿನ ಕಾರುಗಳಲ್ಲಿ ಬಹುಪಾಲು ಏಕಶರೀರ ರಚನೆಯವು. 1922ರಲ್ಲಿ ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ ಕಾರಿನಲ್ಲಿ ಕಾಣಿಸಿಕೊಂಡ ಈ ವಿಧಾನವು 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಮುಂಚಕ್ರ ಚಾಲನೆಯ ಕಾರಿನ ಮೂಲಕ ವಿಪುಲ ಉತ್ಪಾದನೆಗೆ ಬಂದಿತು. 1983ರಲ್ಲಿ ಬಂದ ಮಾರುತಿ 800 ಇದನ್ನು ನಮ್ಮ ಮಧ್ಯಮವರ್ಗದ ಮನೆಗಳಿಗೆ ತಲಪಿಸಿತು. ಇಲ್ಲಿ ತೆಳುತಗಡುಗಳನ್ನು ಮಡಿಸಿ, ಬೆಸೆದು, ಇಡೀ ಮೈಯೇ ಭಾರ ಹೊರುವಂತೆ ಮಾಡಿರುತ್ತಾರೆ. ಮೊಟ್ಟೆಯ ಚಿಪ್ಪಿನಂತೆ ಒಟ್ಟಾಗಿ ಬಲಿಷ್ಠ, ಒಂದೇ ಬಿಂದುವಿನಲ್ಲಿ ಒತ್ತಿದರೆ ದುರ್ಬಲ. ಹಿಂದಿನ ಚಕ್ರಗಳ ನಡುವೆ ಕಾಣುವ ಅಡ್ಡತೊಲೆಯನ್ನು ಹಳೆಯ ಆ್ಯಕ್ಸಲೆಂದು ಭ್ರಮಿಸಬಾರದು. ಅನೇಕ ಸಣ್ಣ ಕಾರುಗಳಲ್ಲಿ ಅದು ತಿರುಚಿಕೊಳ್ಳುವುದಕ್ಕೆಂದೇ ಮಾಡಿದ ಭಾಗ. ಅದರ ನಡುಮಧ್ಯಕ್ಕೆ ಜಾಕ್ ಕೊಟ್ಟರೆ ಬಾಗಬಹುದು, ಬಾಗಿದರೆ ಚಕ್ರಗಳ ನೇರವೇ ಕೆಡುತ್ತದೆ.

ಎತ್ತಲು ಯೋಗ್ಯವಾದ ಸ್ಥಳವನ್ನು ತಯಾರಕರೇ ಗೊತ್ತುಮಾಡಿರುತ್ತಾರೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯ್ದ ಬೆಸುಗೆಯಂಚನ್ನು ಕೈಯಿಂದ ಸವರಿ ನೋಡಿದರೆ, ಮುಂಚಕ್ರದ ಹಿಂದೆಯೂ ಹಿಂಚಕ್ರದ ಮುಂದೆಯೂ ಎರಡು ಕಚ್ಚುಗಳೋ ಬಾಣದ ಗುರುತೋ ಸಿಗುವುದುಂಟು. ಆ ಜಾಗದಲ್ಲಿ ಒಳಗಡೆ ಹೆಚ್ಚಿನ ತಗಡು ಸೇರಿಸಿ ಬಲಪಡಿಸಿರುತ್ತಾರೆ. ಕಾರಿನೊಂದಿಗೆ ಬರುವ ಸ್ಕ್ರೂ ಜಾಕಿನ ತಲೆಯಲ್ಲಿ ಒಂದು ಗಾಡಿ, ಅಂದರೆ ಸೀಳು, ಇರುವುದು ಈ ಅಂಚು ಅದರೊಳಗೆ ಕೂರಲೆಂದು. ಭಾರವು ಅಂಚಿನ ತುದಿಗೆ ಬೀಳದೆ ಅದರ ಎರಡೂ ಮಗ್ಗುಲ ಬಲವಾದ ಭಾಗಕ್ಕೆ ಬೀಳಲೆಂದು. ಗ್ಯಾರೇಜಿನ ಟ್ರಾಲಿ ಜಾಕಿನ ತಲೆ ಚಪ್ಪಟೆ. ಅದನ್ನು ಹಾಗೆಯೇ ಒತ್ತಿದರೆ ಅಂಚು ಮಗುಚಿಕೊಳ್ಳುತ್ತದೆ, ಬಣ್ಣ ಬಿರಿಯುತ್ತದೆ, ಮುಂದಿನ ಮಳೆಗಾಲದಲ್ಲಿ ತುಕ್ಕು ಒಳಹೊಗುತ್ತದೆ. ನಡುವೆ ಸೀಳು ಬಿಟ್ಟ ಗಟ್ಟಿ ರಬ್ಬರಿನ ಬಿಲ್ಲೆಯೊಂದನ್ನು ಇಟ್ಟರೆ ಈ ಹಾನಿ ತಪ್ಪುತ್ತದೆ. ಅದರ ಬೆಲೆ ಅಲ್ಪ. ಆದರೂ ಎಷ್ಟೋ ಗ್ಯಾರೇಜುಗಳಲ್ಲಿ ಅದು ಕಾಣಸಿಗದಿರುವುದು ವಿಷಾದನೀಯ.

ಎಂಜಿನ್ನಿನ ಎಣ್ಣೆಯ ತೊಟ್ಟಿ, ಗೇರುಪೆಟ್ಟಿಗೆ, ಪೆಟ್ರೋಲ್ ಟ್ಯಾಂಕು, ಸೈಲೆನ್ಸರು, ಬ್ರೇಕಿನ ಕೊಳವೆ ಇವುಗಳ ಕೆಳಗೆ ಜಾಕನ್ನು ಒಡ್ಡಲೇಬಾರದು. ವಿದ್ಯುತ್ ಕಾರುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನ ಬ್ಯಾಟರಿಗಳು ಆಸನದ ಕೆಳಗಿದ್ದವು; ಈಗಿನ ಅನೇಕ ವಿದ್ಯುತ್ ಕಾರುಗಳಲ್ಲಿ ನೆಲಹಾಸಿನ ಅಡಿಯುದ್ದಕ್ಕೂ ನೂರಾರು ಕಿಲೋಗ್ರಾಂ ತೂಕದ ಬ್ಯಾಟರಿಪೆಟ್ಟಿಗೆ ಹರಡಿರುತ್ತದೆ. ಅದರ ತಳ ಜಜ್ಜಿದರೆ ಕೇವಲ ಖರ್ಚಿನ ಮಾತಲ್ಲ, ಬೆಂಕಿಯ ಭಯವೂ ಉಂಟು.

ಇನ್ನು ನೆಲದ ವಿಚಾರ. ಎರೆಮಣ್ಣಿನಲ್ಲಿ ಜಾಕಿನ ಪಾದ ಹೂತುಹೋಗುತ್ತದೆ. ಅಗಲವಾದ ಗಟ್ಟಿ ಹಲಗೆಯೊಂದು ಅಡಿಗಿರಲಿ. ಮೇಲೆ ಹೇಳಿದ ಒತ್ತಡದ ಸೂತ್ರವೇ ಇಲ್ಲಿ ತಲೆಕೆಳಗಾಗಿ ನಮಗೆ ನೆರವಾಗುತ್ತದೆ. ಇಳಿಜಾರಿನಲ್ಲಿ ಕಾರನ್ನು ಎತ್ತಲೇಬಾರದು. ಗೇರಿನಲ್ಲಿಟ್ಟರೆ ಸಾಕೆಂಬ ನಂಬಿಕೆಯೂ ಅಪಾಯಕಾರಿ. ಮುಂಚಕ್ರ ಚಾಲನೆಯ ಕಾರಿನ ಒಂದು ಮುಂಚಕ್ರ ನೆಲ ಬಿಟ್ಟೊಡನೆ ಡಿಫರೆನ್ಷಿಯಲ್ ಎಂಬ ಸಾಧನದ ಮೂಲಕ ಆ ಚಕ್ರ ಒಂದು ಕಡೆಗೂ ನೆಲದ ಮೇಲಿರುವ ಚಕ್ರ ಇನ್ನೊಂದು ಕಡೆಗೂ ತಿರುಗಬಲ್ಲವು. ಗೇರಿನ ಹಿಡಿತ ಇದ್ದೂ ಇಲ್ಲದಂತೆ. ಆದ್ದರಿಂದ ಹ್ಯಾಂಡ್ ಬ್ರೇಕ್ ಎಳೆದು, ಎತ್ತುವ ಚಕ್ರಕ್ಕೆ ಕರ್ಣರೇಖೆಯಲ್ಲಿರುವ ಚಕ್ರದ ಹಿಂದೆ ಮುಂದೆ ಎರಡೂ ಕಡೆ ಅಡ್ಡಗಲ್ಲು ಕೊಡತಕ್ಕದ್ದು. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಬೇಕು. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಕಾರೇ ಜಾಕಿನಿಂದ ಜಾರೀತು.

ಕಾರು ನಾಲ್ಕೈದು ಅಂಗುಲ ಮೇಲೇರಿದರೂ ಚಕ್ರ ನೆಲ ಬಿಡದಿರುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದುಮಿದ್ದ ಸ್ಪ್ರಿಂಗು ಹಿಗ್ಗಿ ಚಕ್ರವನ್ನು ಕೆಳಕ್ಕೆ ತಳ್ಳುತ್ತಿರುತ್ತದೆ, ಅಷ್ಟೆ. ತಾಳ್ಮೆಯಿಂದ ಇನ್ನಷ್ಟು ಎತ್ತಬೇಕು. ಟ್ರಾಲಿ ಜಾಕಿನ ತೋಳು ಕಮಾನಿನಾಕಾರದಲ್ಲಿ ಏರುವುದರಿಂದ ಜಾಕು ತನ್ನ ಗಾಲಿಗಳ ಮೇಲೆ ತುಸು ಚಲಿಸಬೇಕಾಗುತ್ತದೆ. ಗಾಲಿಗೆ ಜಲ್ಲಿಕಲ್ಲು ಅಡ್ಡಬಂದರೆ ತಲೆ ತನ್ನ ಬಿಂದುವಿನಿಂದ ಸರಿದುಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದನ್ನು ಈಗ ಹೇಳಬೇಕು. ಜಾಕು ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ. ಪ್ಯಾಸ್ಕಲನ ನಿಯಮವನ್ನು ಆಧರಿಸಿ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ದ್ರವಚಾಲಿತ ಒತ್ತುಯಂತ್ರದ ತತ್ವವೇ ಇಂದಿನ ಹೈಡ್ರಾಲಿಕ್ ಜಾಕಿನದು. ಅದರಲ್ಲಿ ಇಡೀ ಭಾರವನ್ನು ತಡೆದಿರುವುದು ಎಣ್ಣೆ. ಆ ಎಣ್ಣೆಯನ್ನು ತಡೆದಿರುವುದು ಬೆರಳಗಲದ ರಬ್ಬರಿನ ಸೀಲು. ಅದು ಸವೆದಿದ್ದರೆ ಕಾರು ಮೆಲ್ಲಗೂ ಇಳಿದೀತು, ಒಮ್ಮೆಗೇ ಕುಸಿದೂ ಬಿದ್ದೀತು. ಸ್ಕ್ರೂ ಜಾಕು ಘರ್ಷಣೆಯಿಂದಾಗಿ ತಾನಾಗಿ ಇಳಿಯದು, ಆದರೆ ಪಕ್ಕಕ್ಕೆ ಮಗುಚಬಲ್ಲದು. ಆದುದರಿಂದ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಭಾರವನ್ನು ಇಳಿಸಿ, ಕಾರನ್ನು ಕೈಯಿಂದ ಅಲುಗಿಸಿ ನೋಡದೆ ಯಾರೂ ಅದರ ಅಡಿಗೆ ಹೋಗಬಾರದು. ಸ್ಟ್ಯಾಂಡಿಗೆ ಬದಲಾಗಿ ಇಟ್ಟಿಗೆಯನ್ನೋ ಟೊಳ್ಳು ಸಿಮೆಂಟ್ ಬ್ಲಾಕನ್ನೋ ಒಡ್ಡುವುದು ಅನೇಕ ಊರುಗಳಲ್ಲಿ ಕಾಣುವ ನೋಟ. ಇವು ಗೋಡೆಯಲ್ಲಿ ಸಮನಾಗಿ ಹರಡಿದ ಭಾರವನ್ನು ಹೊರುತ್ತವೆ. ಒಂದೇ ಬಿಂದುವಿಗೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತವೆ. ಅಡಿಯಲ್ಲಿ ಮಲಗಿ ಕೆಲಸ ಮಾಡುವವನು ಹಲವು ವೇಳೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ ನಮ್ಮದೇ ಹುಡುಗನಾಗಿರುತ್ತಾನೆ. ಸ್ವಂತ ಗ್ಯಾರೇಜುಳ್ಳ ಹಳೆಯ ವಿದ್ಯಾರ್ಥಿಗಳು ಒಂದು ಜೊತೆ ಸ್ಟ್ಯಾಂಡನ್ನು ಉಪಕರಣವೆಂದಲ್ಲ, ಆ ಹುಡುಗನ ಪ್ರಾಣದ ಬಾಬ್ತೆಂದು ಲೆಕ್ಕ ಬರೆಯಲಿ.

ಎರಡು ಕಂಬದ ಲಿಫ್ಟಿನಲ್ಲಿಯೂ ನಿಯಮ ಇದೇ. ನಾಲ್ಕು ತೋಳುಗಳ ಗುಬುಟುಗಳು ಗೊತ್ತಾದ ಬಿಂದುಗಳಲ್ಲಿಯೇ ಕೂತಿವೆಯೇ ಎಂದು ನೋಡಿ, ಒಂದು ಗೇಣು ಎತ್ತಿ, ಅಲುಗಿಸಿ, ಬಳಿಕ ಪೂರ್ತಿ ಏರಿಸಬೇಕು. ಕೆಲಸ ಮುಗಿದು ಕಾರು ನೆಲ ಮುಟ್ಟಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿಗೊಳಿಸಿ, ಜಾಕ್ ಕೊಟ್ಟ ಅಂಚನ್ನೊಮ್ಮೆ ಬಗ್ಗಿ ನೋಡಿ, ಬಣ್ಣ ಎದ್ದಿದ್ದರೆ ಅಂದೇ ತುಕ್ಕುನಿರೋಧಕವನ್ನು ಬಳಿಯತಕ್ಕದ್ದು.