ಇಮೇಜ್ ಸೆನ್ಸರ್: ಸಿಸಿಡಿಯಿಂದ ಕ್ಯಾಮೆರಾ ಟ್ರ್ಯಾಪ್‌ವರೆಗೆ

ಅರ್ಥ: ಮಸೂರದಿಂದ ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸಿಲಿಕಾನ್ ಚಿಪ್.

ಬೆಳವಣಿಗೆಯ ಹಂತಗಳು
- 1969: ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಅವರಿಂದ ಸಿಸಿಡಿ (ಚಾರ್ಜ್ ಕಪಲ್ಡ್ ಡಿವೈಸ್) ಆವಿಷ್ಕಾರ. 2009ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು.
- 1975: ಕೊಡಾಕ್‌ನ ಸ್ಟೀವನ್ ಸ್ಯಾಸನ್ ಅವರ ಡಿಜಿಟಲ್ ಕ್ಯಾಮೆರಾ, 0.01 ಮೆಗಾಪಿಕ್ಸೆಲ್.
- 1976: ಪಿಕ್ಸೆಲ್‌ಗಳ ಮೇಲಿನ ಬಣ್ಣದ ಜಾಲರಿಯಾದ ಬೇಯರ್ ಫಿಲ್ಟರ್‌ಗೆ ಪೇಟೆಂಟ್. ಹಸಿರು 50%, ಕೆಂಪು 25%, ನೀಲಿ 25%.
- 1990ರ ದಶಕ: ನಾಸಾದ ಜೆಪಿಎಲ್‌ನಲ್ಲಿ ಎರಿಕ್ ಫಾಸಮ್ ತಂಡದಿಂದ ಸಿಮಾಸ್ ಆ್ಯಕ್ಟಿವ್ ಪಿಕ್ಸೆಲ್ ಸೆನ್ಸರ್. ಪ್ರತಿ ಪಿಕ್ಸೆಲ್‌ನಲ್ಲೂ ವರ್ಧಕ. ವಿದ್ಯುತ್ ಬಳಕೆ ಕಡಿಮೆ. ಮೊಬೈಲ್ ಕ್ಯಾಮೆರಾಗಳಲ್ಲಿ ಇದೇ ಬಳಕೆ.
- ನಂತರ: ತಂತಿಜಾಲವನ್ನು ಬೆಳಕು ಬೀಳುವ ಬದಿಯಿಂದ ಹಿಂದಕ್ಕೆ ಸರಿಸಿದ ಬಿಎಸ್‌ಐ ಸೆನ್ಸರ್, ಮಂದ ಬೆಳಕಿನಲ್ಲೂ ಸ್ಪಷ್ಟ ಚಿತ್ರ.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಬಳಕೆ
- ನರಸಿಂಹರಾಜಪುರ ಭಾಗಕ್ಕೆ ಹೊಂದಿಕೊಂಡ ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ (ಘೋಷಣೆ: 1998) ಹುಲಿ ಗಣತಿಗೆ ಕ್ಯಾಮೆರಾ ಟ್ರ್ಯಾಪ್ ಬಳಕೆ.
- ಪ್ರಾಣಿಯ ದೇಹದ ಶಾಖ, ಚಲನೆ ಗುರುತಿಸಿ ಕ್ಯಾಮೆರಾ ಚಾಲೂ ಆಗುತ್ತದೆ. ಸಿಲಿಕಾನ್ ಚಿಪ್, ಸಮೀಪ-ಅವರೋಹಿತ ಕಿರಣಗಳನ್ನೂ (ಸುಮಾರು 1100 ನ್ಯಾನೊಮೀಟರ್‌ವರೆಗೆ) ಗ್ರಹಿಸುವುದರಿಂದ ರಾತ್ರಿ ಚಿತ್ರ ಸಾಧ್ಯ.
- ಹುಲಿಯ ಗುರುತು: ಮೈಮೇಲಿನ ಪಟ್ಟೆ. ಒಂದರಂತೆ ಇನ್ನೊಂದಿಲ್ಲ.
- ಕರ್ನಾಟಕದ ಹುಲಿಗಳು, 2022ರ ಗಣತಿ: 563.

ನೆನಪಿಡಿ: 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಟ್ರ್ಯಾಪ್, ಗಿನ್ನೆಸ್ ದಾಖಲೆ.

ಮಾದರಿ ಪ್ರಶ್ನೆ: ಬೇಯರ್ ಫಿಲ್ಟರ್‌ನಲ್ಲಿ ಹೆಚ್ಚು ಪಾಲು ಯಾವ ಬಣ್ಣಕ್ಕೆ?
ಅ) ಕೆಂಪು ಆ) ನೀಲಿ ಇ) ಹಸಿರು ಈ) ಹಳದಿ
ಉತ್ತರ: ಇ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ.